ನವಗ್ರಹಗಳ ತುರ್ತು ಸಭೆ

"ಇವತ್ತು ಐದು ಗಂಟೆಯೊಳಗೆ ನಿನ್ನ ಜಾತಕ ಅರೆದು ಕುಡಿದು ತೀರ್ಪು ಕೊಡದಿದ್ರೆ ನಾನು ಕಾರ್ಯದರ್ಶಿಯೇ ಅಲ್ಲ!"

ಗಿರಣಿ ಕಾರ್ಮಿಕರ ಸಂಘದ ಹುದ್ದೆ ಬಿಟ್ಟು ಎರಡು ವರ್ಷವಾದರೂ ಬೀದಿಗೆಲ್ಲ ಆತ ಇನ್ನೂ ಕಾರ್ಯದರ್ಶಿಯೇ. ಘೋಷಣೆ ಕೂಗಲು ಗಿರಣಿಯ ಗೇಟಿಲ್ಲದೆ ಗಂಟಲು ತುಕ್ಕು ಹಿಡಿಯತೊಡಗಿದಾಗ ಜ್ಯೋತಿಷ್ಯದ ತರಗತಿ ಸೇರಿದ್ದ. ಮೂರೇ ತಿಂಗಳಲ್ಲಿ ಗ್ರಹ, ಮನೆ, ದೃಷ್ಟಿ ಎಲ್ಲ ಬಾಯಿಪಾಠ! ಉಳಿದದ್ದು ಎಲ್ಲವನ್ನೂ ಬೆಸೆದು ಒಂದು ಮಾತು ಹೇಳುವ ವಿದ್ಯೆ. "ಒಂದೇ ಗ್ರಹಕ್ಕೆ ಜೋತುಬೀಳಬೇಡಿ. ಎಲ್ಲರ ಮಾತೂ ಕೇಳಿ ತೀರ್ಮಾನಕ್ಕೆ ಬನ್ನಿ" ಎಂದಿದ್ದರು ಮೇಷ್ಟ್ರು. ಇಷ್ಟೇನಾ! ಮೂವತ್ತು ವರ್ಷ ತಾನು ಮಾಡಿದ್ದು ಮತ್ತೇನು?

ಹೆಂಡತಿಗೆ ಹೊಲಿಗೆ ಕೆಲಸಕ್ಕೆ ಬೀದಿಯ ಮೂಲೆಯ ಅಂಗಡಿ ಬಾಡಿಗೆಗೆ ಬೇಕಿತ್ತು. ಅಡುಗೆಮನೆ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ತುಳಿದೂ ತುಳಿದೂ ಅವಳ ಮಂಡಿ ಸವೆದಿತ್ತು. ಐದರೊಳಗೆ ಒಪ್ಪದಿದ್ದರೆ ಅಂಗಡಿ ಬೇರೆಯವರ ಪಾಲು.

"ನಿಮ್ಮ ಗ್ರಹಗಳು ಏನಂತಾವೋ ಬೇಗ ಕೇಳಿ. ನಂಗೆ ಹೊತ್ತಾಗುತ್ತೆ" ಎಂದಳು.

ಕಾರ್ಯದರ್ಶಿ ಕುಂಡಲಿ ಹರಡಿ ಸಭೆ ಕರೆದ. ಹತ್ತನೇ ಮನೆಯ ಗುರು 'ಆಗಲಿ' ಎಂದು ಕೈ ಎತ್ತಿದ. ಹನ್ನೊಂದರಲ್ಲಿದ್ದ ಬುಧ, ಶುಕ್ರರು 'ಲಾಭ' ಎಂದರು. ಚಂದ್ರ ಅವರ ಬೆನ್ನಿಗೆ ನಿಂತ. ಹನ್ನೆರಡರ ರವಿ 'ಖರ್ಚು' ಎಂದು ಗುಡುಗಿದ. ಶನಿ, ಕುಜ, ರಾಹು ಅವನ ಬಣ. ಕೇತುವಿಗಂತೂ ತಲೆಯೇ ಇಲ್ಲ, ಮತದಾನಕ್ಕೆ ಅನರ್ಹ!

"ನಾಲ್ಕು ಅತ್ತ, ನಾಲ್ಕು ಇತ್ತ ಕಣೇ!"

"ಹಾಗಂದ್ರೆ?"

"ಅಧ್ಯಕ್ಷರ ನಿರ್ಣಾಯಕ ಮತ. ಲಗ್ನಾಧಿಪತಿಯೇ ಅಧ್ಯಕ್ಷ. ಅವನೋ ಏಳನೇ ಮನೇಲಿ ಕೂತಿದ್ದಾನೆ. ಏಳು ಅಂದ್ರೆ ಗಂಡನ ಸ್ಥಾನ. ಅಂದ್ರೆ ಮತ ನಂದೇ!"

"ಹಾಕಿ ಮತ್ತೆ."

ಕೈ ಏಳಲಿಲ್ಲ. ಅವಳು ಅಂಗಡಿಗೆ ಹೋದರೆ ಮಧ್ಯಾಹ್ನದ ಒಲೆಯ ಮುಂದೆ ನಿಲ್ಲುವವರು ಯಾರು? ಕ್ರಾಂತಿಕಾರಿಯ ಹೊಟ್ಟೆ ಮೊದಲ ಬಾರಿಗೆ ಮಾಲೀಕರ ಪಕ್ಷ ಸೇರಿತ್ತು!

"ಸಭೆಯನ್ನು ಹತ್ತು ನಿಮಿಷ ಮುಂದೂಡಲಾಗಿದೆ" ಎಂದು ಘೋಷಿಸಿ, ಹಿತ್ತಲಿಗೆ ಹೋಗಿ ಮೇಷ್ಟ್ರಿಗೆ ಫೋನು ಹಚ್ಚಿದ.

"ಓಟು ಹಾಕಿಸಿದ್ರಾ?" ಮೇಷ್ಟ್ರು ಚೀರಿದರು. "ಗ್ರಹಗಳೇನು ನಿಮ್ಮ ಸಂಘದ ಸದಸ್ಯರಾ? ಯಾರಿಗೆ ಬಲ ಇದೆ, ಯಾರ ಮನೇಲಿ ಯಾರಿದ್ದಾರೆ ತೂಗಬೇಕು ಸ್ವಾಮಿ! ಹತ್ತು ಪುಕ್ಕಲರು ಸೇರಿದ್ರೆ ಒಬ್ಬ ಗಟ್ಟಿಗ ಆಗ್ತಾನಾ?"

ಪಾಠ ಅರ್ಧ ಗಂಟೆ ನಡೆಯಿತು. ಒಳಗೆ ಬಂದರೆ ಹೆಂಡತಿಯೂ ಇಲ್ಲ, ಯಂತ್ರವೂ ಇಲ್ಲ. ಕಿಟಕಿಯ ಪಕ್ಕ ನೆಲದಲ್ಲಿ ನಾಲ್ಕು ಕಾಲಿನ ಗುರುತು ಮಾತ್ರ! ಏದುಸಿರು ಬಿಡುತ್ತ ಮೂಲೆಗೆ ಓಡಿದ. ಅವಳು ಬೀದಿಯ ಹುಡುಗರಿಂದ ಯಂತ್ರ ಹೊರಿಸಿ ತಂದು, ಅಂಗಡಿಯ ಕಪಾಟು ಒರೆಸುತ್ತಿದ್ದಳು.

"ಏನೇ ಇದು? ಸಭೆ ಇನ್ನೂ ಮುಗಿದಿಲ್ಲ!"

"ರಾಹುವಿಗೂ ಓಟು ಕೊಟ್ರಿ. ಜಾತಕ ನಂದಲ್ವಾ, ನಂಗೆಷ್ಟು ಓಟು ಕೊಟ್ರಿ?"

ಕಾರ್ಯದರ್ಶಿ ಬೆರಳು ಮಡಚುತ್ತ ಮತ್ತೆ ಮತ ಎಣಿಸತೊಡಗಿದ.

"ದುಡಿಯೋರೇ ತೀರ್ಮಾನ ಮಾಡ್ಬೇಕು ಅಂತ ಮೂವತ್ತು ವರ್ಷ ಕೂಗಿದ್ದು ನೀವೋ, ಶನಿಯೋ?"

ಅವನಿಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕು, ಅಳತೆಯ ಟೇಪನ್ನು ಹೂವಿನ ಹಾರದಂತೆ ಅವನ ಕೊರಳಿಗೆ ಹಾಕಿದಳು.

"ಗುಂಡಿ ಹೊಲಿಯೋಕೆ ಆಳು ಬೇಕು. ನಾಳೆ ಎಂಟಕ್ಕೆ ಬನ್ನಿ, ಬರೋವಾಗ ಅಡುಗೆ ಮುಗಿಸಿ ಬುತ್ತಿ ತನ್ನಿ. ಒಂದೇ ಷರತ್ತು... ಇಲ್ಲಿ ಸಂಘ ಕಟ್ಟೋ ಹಾಗಿಲ್ಲ!"