ಜಪ್ತಿಯಾದ ಕೋಣಗಳೂ ನನ್ನ ಒಂದು ಸಹಿಯೂ

ನನ್ನ ನಿದ್ರೆ ಕೆಟ್ಟದ್ದು ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಒಂಬತ್ತರ ಕಾರ್ಕಳ ಬಸ್ಸು ಅಂದು ನನ್ನನ್ನು ಬಿಟ್ಟು ಹೋಗಿತ್ತು. ಕಾಲೇಜಿನಲ್ಲಿ ಪಾಠ ಹೇಳುವವನು, ಅದರಲ್ಲೂ ದುಂಡಗೆ ಸಹಿ ಹಾಕಬಲ್ಲವನು, ಆ ಹೊತ್ತಿನಲ್ಲಿ ಮನೆಯ ಜಗಲಿಯಲ್ಲಿ ಕಾಣಿಸಿಕೊಳ್ಳಲೇಬಾರದು. ಊರಿನಲ್ಲಿ ಯಾರಿಗೆ ಏನೇ ಆಗಲಿ, ಅದಕ್ಕೊಬ್ಬ ಓದಿದ ಸಾಕ್ಷಿ ಬೇಕಾಗುತ್ತದೆ.

ಹಿರಿಯಡ್ಕದಲ್ಲಿ ನಾವು ಬಾಡಿಗೆಗಿದ್ದ ಬಿಡಾರದ ಮಾಲೀಕರು ಶೀನ ಶೆಟ್ಟರು. ಪಂಪ್‌ಸೆಟ್ಟಿಗೆಂದು ಅವರು ಸೊಸೈಟಿಯಲ್ಲಿ ಸಾಲ ತೆಗೆದಿದ್ದರು. ಆ ದುಡ್ಡಿಗೆ ಪಂಪು ಬರುವ ಬದಲು ಕುಟ್ಟಿ ಬಂದ. ಕುಟ್ಟಿ ಎಂದರೆ ಕಂಬಳದ ಕೆಸರುಗದ್ದೆಯಲ್ಲಿ ಓಡುವ ಕೋಣ. ಕೊಟ್ಟಿಗೆಯಲ್ಲಿ ಮೊದಲೇ ಇದ್ದ ಚೆನ್ನನಿಗೆ ಜೊತೆ. ಸಾಲ ಕಟ್ಟದಿದ್ದರೆ ಮೊದಲು ಒಂದು ನೋಟೀಸು ಬರುತ್ತದೆ, ಆಮೇಲೆ ಇನ್ನೊಂದು, ಆಮೇಲೆ ವಕೀಲರದ್ದು, ಕೊನೆಗೆ ಕೋರ್ಟಿನದ್ದು. ಶೆಟ್ಟರು ಯಾವುದನ್ನೂ ಬಿಸಾಡಿದವರಲ್ಲ. ಎಲ್ಲವನ್ನೂ ಸುರುಳಿ ಸುತ್ತಿ ಕೋಣಗಳ ಮೈಗೆ ಹಚ್ಚುವ ಎಣ್ಣೆಯ ಬಾಟಲಿಗಳಿಗೆ ಬಿರಡೆ ಮಾಡಿದ್ದರು. ರಿಜಿಸ್ಟರ್ಡ್ ಅಂಚೆಯ ಕಾಗದವಾದರೆ ಎಣ್ಣೆ ಸೋರುವುದಿಲ್ಲ ಎಂದು ನನಗೂ ಒಮ್ಮೆ ತೋರಿಸಿದ್ದರು.

ನೋಟೀಸುಗಳೆಲ್ಲ ಮುಗಿದ ಮೇಲೆ ಜಪ್ತಿಗೆ ಬರುವವರು ಕೋರ್ಟಿನ ಅಮೀನರು. ಆ ಮಂಗಳವಾರ ಬಂದವರು ತುಂಬಾ ಸಾಧು ಮನುಷ್ಯ. ಅಡಿಗೆ ಪಾತ್ರೆ, ಹಾಸಿಗೆಗಳನ್ನು ಜಪ್ತಿ ಮಾಡುವ ಹಾಗಿಲ್ಲ ಎಂದು ತಾವೇ ಬಿಟ್ಟರು. ಗೋಡೆಯ ಗಡಿಯಾರ ನಿಂತು ಎಷ್ಟೋ ವರ್ಷವಾಗಿತ್ತು, ಅದನ್ನೂ ಬಿಟ್ಟರು. ಸಾಕ್ಷಿಗೆಂದು ನನ್ನನ್ನು ಜಗಲಿಯಿಂದ ಕರೆದುಕೊಂಡು ಕೊಟ್ಟಿಗೆಗೆ ಹೋದರು. ಅಲ್ಲಿ ದನಿ ತಗ್ಗಿಸಿ, "ಶೆಟ್ರೇ, ಇವು ಉಳುವ ಕೋಣಗಳು ಅಲ್ವಾ? ಉಳುವ ಪ್ರಾಣಿಯನ್ನು ಮುಟ್ಟಲಿಕ್ಕೆ ನನಗೆ ಅಧಿಕಾರ ಇಲ್ಲ" ಎಂದರು. ಶೆಟ್ಟರು ಹೌದು ಎಂದುಬಿಟ್ಟಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

"ಉಳುವುದಾ? ಎಂತ ಮಾತಾಡ್ತೀರಿ ಮಾರಾಯ್ರೇ. ಇವರು ಹುಟ್ಟಿದ ಮೇಲೆ ನೇಗಿಲು ಕಂಡವರಲ್ಲ" ಎಂದರು ಶೆಟ್ಟರು.

ವರ್ಷಕ್ಕೊಂದು ಸಲವಾದರೂ ಗದ್ದೆಗೆ ಇಳಿಸುವುದುಂಟಲ್ಲ ಎಂದು ಅಮೀನರು ಇನ್ನೊಂದು ದಾರಿ ತೋರಿಸಿದರು. ಶೆಟ್ಟರು ಒಳಗೆ ಹೋಗಿ ಚೆನ್ನ ಗೆದ್ದ ಮೆಡಲು ತಂದರು. ಅಮೀನರು ನಿಟ್ಟುಸಿರು ಬಿಟ್ಟು ಕೋಣಗಳನ್ನು ಜಪ್ತಿಗೆ ಬರೆದುಕೊಂಡರು. ನಾನು ದುಂಡಗೆ ಸಹಿ ಹಾಕಿದೆ. ಹಾಕಿದ ಮೇಲೆ ತಿಳಿಯಿತು, ಅದು ಬರೀ ಸಾಕ್ಷಿಯ ಸಹಿಯಲ್ಲ. ಹರಾಜಿನವರೆಗೆ ಆ ಎರಡು ಪ್ರಾಣಿಗಳು ನನ್ನ ವಶ. ಕೋಣಗಳನ್ನು ಬಸ್ಸಿನಲ್ಲಿ ಕೋರ್ಟಿಗೆ ಕರೆದೊಯ್ಯಲಿಕ್ಕೆ ಆಗ್ತದಾ ಎಂದು ಅಮೀನರು ನನ್ನನ್ನೇ ಕೇಳಿದರು. ಒಂದು ಕೊಂಬು ಮುಕ್ಕಾದರೂ ನೀವೇ ಜವಾಬು ಎಂದು ಹೇಳಿ, ಕೊಡೆ ಬಿಡಿಸಿಕೊಂಡು ಹೊರಟರು.

ಆಮೇಲೆ ಎಲ್ಲಿಯ ನಿದ್ರೆ? ಕೋಣ ಕೆಮ್ಮಿದರೆ ಏಳುವುದು, ಕೆಮ್ಮದಿದ್ದರೆ ಯಾಕೆ ಕೆಮ್ಮಲಿಲ್ಲ ಎಂದು ಏಳುವುದು. ಜಪ್ತಿಯಾದ ಮಾಲು ನಿಮ್ಮದು, ಹುರುಳಿಯೂ ನಿಮ್ಮದೇ ಎಂದು ಶೆಟ್ಟರು ನ್ಯಾಯ ಹೇಳಿದರು. ನಾನು ಪೇಟೆಯ ಅಂಗಡಿಯಿಂದ ಮೂಟೆಗಟ್ಟಲೆ ಹುರುಳಿಯನ್ನು ಕಡ ತಂದೆ. ಬೆಂದ ಕಾಳು ಕೋಣಗಳಿಗೆ; ಬಸಿದ ನೀರಿಗೆ ಒಗ್ಗರಣೆ ಹಾಕಿ ನನ್ನ ಹೆಂಡತಿ ಸರೋಜ ನನಗೆ ಸಾರು ಬಡಿಸುತ್ತಿದ್ದಳು. ಆದರೆ ಹರಾಜು ಹತ್ತಿರ ಬಂದ ಹಾಗೆ ಶೆಟ್ಟರು ಊಟವನ್ನೇ ಬಿಟ್ಟರು. ಕುಟ್ಟಿಯ ಕುತ್ತಿಗೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂತಿರುತ್ತಿದ್ದರು. ನೋಡಲಾರದೆ, ಓದಿದವನ ಚಾಳಿಯಂತೆ, ನಾನೇ ಅವರ ಹೆಸರಿನಲ್ಲಿ ಕೋರ್ಟಿಗೆ ಅರ್ಜಿ ಬರೆದೆ: ಇವು ಉಳುವ ಕೋಣಗಳು, ಬೇಕಾದರೆ ಬಂದು ನೋಡಬಹುದು.

ನೋಡಲು ಅದೇ ಅಮೀನರು ಬಂದರು. ಅರ್ಧ ಊರು ಗದ್ದೆಯ ಹುಣಿಯ ಮೇಲೆ, ಬದುವಿನುದ್ದಕ್ಕೂ ಸೇರಿತು. ನೊಗ ಕಟ್ಟುವವರೆಗೆ ಹೇಗೋ ತಡೆದುಕೊಂಡ ಶೆಟ್ಟರು, ನೇಗಿಲು ಹಿಡಿಯುವ ಹೊತ್ತಿಗೆ, "ನನ್ನ ಕೈಯಿಂದ ಆಗುವುದಿಲ್ಲ ಮಾಷ್ಟ್ರೇ" ಎಂದು ಮುಖ ತಿರುಗಿಸಿ ನಿಂತರು. ಅರ್ಜಿ ಬರೆದವನು ನಾನಲ್ಲವೇ? ಪಂಚೆ ಎತ್ತಿ ಕಟ್ಟಿ ಇಳಿದೆ. ಕಾಲಡಿ ಕೆಸರು, ಸುತ್ತ ಜನ. ಚೆನ್ನನಿಗೂ ಕುಟ್ಟಿಗೂ ಇದಕ್ಕೆ ಗೊತ್ತಿದ್ದ ಅರ್ಥ ಒಂದೇ. ಹೊರಟವು. ನೇಗಿಲನ್ನು ಬಿಡಬೇಕೆಂದು ಹೊಳೆಯುವಷ್ಟರಲ್ಲಿ ನನ್ನ ಕಾಲು ನೆಲದಲ್ಲಿರಲಿಲ್ಲ. ಕೆಸರಿನ ನಡುವೆ ಕಂಡದ್ದು ಎರಡು ಬಾಲ ಮತ್ತು ಎದುರಿನ ಬಾವಿ. ಮುಖ ತಿರುಗಿಸಿದ್ದ ಶೆಟ್ಟರು ತಡೆಯಲಾರದೆ ತಿರುಗಿ, ಕುಣಿದು ಕೂಗಿ ಹುರಿದುಂಬಿಸುತ್ತಿದ್ದರು, ನನ್ನನ್ನಲ್ಲ. ಹುಣಿಯೊಂದನ್ನು ಒಡೆದು, ಬಾವಿಯ ಕಟ್ಟೆಗೆ ಮೊಳ ದೂರದಲ್ಲಿ, ಅವು ತಾವಾಗಿಯೇ ನಿಂತವು. ಈಗಲೂ ಬಸ್ಸು ಗಕ್ಕನೆ ಹೊರಟರೆ ನನ್ನ ಕೈ ಎದುರಿನ ಸೀಟಿನ ಕಂಬಿಯನ್ನು ನೇಗಿಲಿನ ಹಾಗೆ ಹಿಡಿದುಕೊಳ್ಳುತ್ತದೆ.

ಅಮೀನರು ಬಗ್ಗಿ ನೆಲ ನೋಡಿದರು. "ಸಾಲು ಬಿದ್ದದ್ದು ಉಂಟು. ಎಷ್ಟು ಬೇಗ ಬಿತ್ತು ಅಂತ ಕೋರ್ಟು ಕೇಳುವುದಿಲ್ಲ" ಎಂದರು. ಮಾಷ್ಟ್ರು ಉತ್ತದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಬರೆದುಕೊಂಡರು.

ಕೋಣಗಳು ಬಿಡುಗಡೆಯಾದವು, ಸಾಲಕ್ಕೆ ಕಂತು ಸಿಕ್ಕಿತು. ಶೆಟ್ಟರು ತಮ್ಮ ಗುರುತು ಯಾರಿಗೂ ಇಲ್ಲದ ಇನ್ನಂಜೆಗೆ ಜೋಡಿಯನ್ನು ಹೊಡೆದುಕೊಂಡು ಹೋಗಿ, ಬಾಡಿಗೆಗೆ ಗದ್ದೆ ಉತ್ತು ಕಂತು ಕಟ್ಟಿದರು. ನಮ್ಮ ಊರಿನಲ್ಲಿ ಮಾತ್ರ ಕೋಣಗಳು ಉತ್ತವೆಂದು ಎಲ್ಲೂ ಹೇಳಲಿಲ್ಲ, ಮಾಷ್ಟ್ರು ಓಡಿದರು ಎಂದೇ ಹೇಳಿದರು. ನನಗೆ ನಿದ್ರೆ ಮಾತ್ರ ಬರಲಿಲ್ಲ. ಹುರುಳಿಯ ಕಡ ಹಾಗೆಯೇ ಉಳಿದಿತ್ತು. ಅಂಗಡಿಯವರ ಮೊದಲ ನೋಟೀಸು ಬಂದ ದಿನ, ಇನ್ನು ಅಮೀನರು ನಮ್ಮ ಮನೆಗೇ ಬಂದರೆ ಜಪ್ತಿಗೆ ಏನುಂಟು ಎಂದು ನಾನು ಕೇಳಿದೆ.

ಸರೋಜ ಸಾರು ಬಡಿಸುತ್ತಾ, "ನಿಮ್ಮನ್ನು ಯಾರೂ ಮುಟ್ಟುವ ಹಾಗಿಲ್ಲ. ನೀವು ಉಳುವವರು ಅಂತ ಕೋರ್ಟಿನ ಕಾಗದದಲ್ಲೇ ಉಂಟು" ಎಂದಳು.

ಅಂದು ಬೆಳಗಿನವರೆಗೂ ನಿದ್ರೆ ಮಾಡಿದೆ.