ಒದ್ದೆ ಪರದೆಯ ಆಚೆ ಈಚೆ

ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ಸಿನಿಮಾದ ನಾಯಕಿಯ ಎಡಗೆನ್ನೆಯ ಮೇಲೆ ಒಂದು ಕಂದು ಚುಕ್ಕೆ ಮೂಡಿತು. ನನ್ನ ಹೆಂಡತಿ ಕಮಲಾ ಅದು ಬಲಗೆನ್ನೆ ಎನ್ನುತ್ತಾಳೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದೇವೆ. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ. ಗಂಟೆಯ ವಿಷಯದಲ್ಲಿ ಮಾತ್ರ ನನ್ನ ಮಾತೇ ಖರೆ, ಏಕೆಂದರೆ ಆಗ ನಾನು ಮಾವನವರು ಮದುವೆಯಲ್ಲಿ ಕೊಟ್ಟ ಕೈಗಡಿಯಾರ ನೋಡುತ್ತಿದ್ದೆ. ರೀಲು ಯಾವಾಗ ಮುಗಿದು ನನ್ನ ಭಾಷಣದ ಸರದಿ ಬರುವುದೋ ಎಂಬ ಆತುರ. ಚುಕ್ಕೆ ಹಂಚಿನ ಮೇಲೆ ಮರೆತುಬಿಟ್ಟ ರೊಟ್ಟಿಯ ಕಲೆಯಂತೆ ಅಗಲವಾಗುತ್ತ ಹೋಯಿತು. ನಾನು ಪಕ್ಕದಲ್ಲಿದ್ದ ಪೋಸ್ಟ್ ಮಾಸ್ತರರ ಕಿವಿಯಲ್ಲಿ, "ನೋಡ್ರಿ, ಆಕಿ ಮನಸ್ಸು ಸುಡಾಕತ್ತದ ಅನ್ನೋದನ್ನ ಹ್ಯಾಂಗ ತೋರಿಸ್ಯಾರ!" ಎಂದೆ. ಅವರು ಮೂಗು ಏರಿಸಿ, "ಮನಸ್ಸು ಸುಟ್ರ ವಾಸನಿ ಬರತದೇನ್ರಿ ಮಾಸ್ತರ್?" ಎಂದರು.

ಇದೆಲ್ಲ ನಮ್ಮ ಕಡೆ ನಿಜಾಮರ ಆಳ್ವಿಕೆ ಇದ್ದಾಗಿನ ಮಾತು. ನಾನು ಹೈದರಾಬಾದಿನಲ್ಲಿ ಕಾಲೇಜು ಓದಿ, ಹುಮನಾಬಾದಿನ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಕಾಲೇಜಿನಿಂದ ಪದವಿಯ ಜೊತೆಗೆ ಒಂದು ರೋಗವನ್ನೂ ಹಚ್ಚಿಕೊಂಡು ಬಂದಿದ್ದೆ. ನಮ್ಮ ಪ್ರೊಫೆಸರರೊಬ್ಬರು, "ಪ್ರತಿ ಕೃತಿಗೂ ಒಂದು ತಿರುಳು ಇರುತ್ತದೆ, ಅದನ್ನು ಹಿಡಿಯದವನು ಸಿಪ್ಪೆ ತಿಂದು ಎದ್ದವನು" ಎಂದಿದ್ದರು. ಅಂದಿನಿಂದ ಕಾದಂಬರಿ, ನಾಟಕ, ಲಗ್ನಪತ್ರಿಕೆ, ಹೆಂಡತಿಯ ಸಿಟ್ಟು, ಎಲ್ಲದರಲ್ಲೂ ತಿರುಳು ಹುಡುಕುವುದು ನನಗೆ ಚಟವಾಯಿತು. ಊರಿಗೆ ಡೇರೆಯ ಟಾಕೀಸು ಬಂದಾಗ ಈ ಚಟಕ್ಕೆ ಹತ್ತಿ ನಿಂತು ಮಾತಾಡಲು ಒಂದು ಸ್ಟೂಲು ಸಿಕ್ಕಿತು. ಅವರ ಬಳಿ ಇದ್ದದ್ದು ಒಂದೇ ಯಂತ್ರ. ರೀಲು ಬದಲಿಸುವಾಗಲೆಲ್ಲ ದೀಪ ಹತ್ತಿಸಿ ಮಂದಿಯನ್ನು ಸುಮ್ಮನೆ ಕೂರಿಸಬೇಕಿತ್ತು. ಮುಂಬಯಿ ಚಿತ್ರಗಳ ಭಾರೀ ಹಿಂದಿ ನಮ್ಮ ದಖನಿ ಕಿವಿಗಳಿಗೆ ಅಷ್ಟು ಹತ್ತುತ್ತಿರಲಿಲ್ಲ. ಟಾಕೀಸಿನ ಸೇಠ್ ಬಂದು, "ಮಾಸ್ತರ್ ಸಾಬ್, ನಡು ನಡುವ ಜರಾ ಮತ್ಲಬ್ ಹೇಳ್ರಿ. ಇಲ್ಲಾಂದ್ರ ಮಂದಿ ಸೀಟಿ ಹೊಡೀತಾರ" ಎಂದ. ಹೇಳಿದೆ. ನಾನು ಹೇಳುವಾಗಲೂ ಸೀಟಿ ಹೊಡೆದರು, ಆ ಮಾತು ಬೇರೆ.

ಈಗ ಕೆನ್ನೆಯ ವಿಷಯ. ನಮ್ಮ ಕಡೆ ಆಗ ಗಂಡಸರು ಹೆಂಗಸರು ಒಂದೇ ಕಡೆ ಕೂತು ಆಟ ನೋಡುವುದುಂಟೆ? ಡೇರೆಯ ನಡುವೆ ಬಿಳಿ ಪರದೆ. ಈಚೆ ನಾವು, ಆಚೆ ಜನಾನಾ. ಚಿತ್ರ ಆಚೆಗೂ ಮೂಡಲೆಂದು ಆಟಕ್ಕೆ ಮೊದಲು ಪರದೆಗೆ ಕೊಡಗಟ್ಟಲೆ ನೀರು ಹೊಡೆದು ತೊಪ್ಪೆಯಾಗಿಸುತ್ತಿದ್ದರು. ಹೀಗಾಗಿ ಹುಮನಾಬಾದಿನ ಹೆಂಗಸರು ಕಂಡ ಸಿನಿಮಾ ಪೂರಾ ಉಲ್ಟಾ, ನಮ್ಮ ಎಡ ಅವರಿಗೆ ಬಲ. ಅದರ ಪರಿಣಾಮ ನನಗೆ ತಿಳಿದದ್ದು ಹಿಂದಿನ ವಾರದ ಚಿತ್ರದ ಮರುದಿನ. ಅದರಲ್ಲಿ ಸೊಸೆಯನ್ನು ಅತ್ತೆಮನೆಯವರು ಹೊರಗೆ ಹಾಕುತ್ತಾರೆ. ಮನೆತನದ ಹುಸಿ ಮರ್ಯಾದೆಯೇ ಅದರ ತಿರುಳು ಎಂದು ನಾನು ಅಂಗಳದಲ್ಲಿ ಕೂತು ವಿವರಿಸುತ್ತಿದ್ದೆ. ನಮ್ಮ ಜೊತೆಗಿದ್ದ ಕಮಲಾಳ ಮೌಶಿ, ಎಂದರೆ ಅವಳ ಚಿಕ್ಕಮ್ಮ, ಜೋಳ ಹಸನು ಮಾಡುತ್ತ, "ಮರ್ಯಾದಿ ಎಲ್ಲಿದು ತಮ್ಮಾ? ಎಡಗೈಲೆ ಉಣ್ಣೋ ಮನಿಗಿ ಹೆಣ್ಣು ಕೊಟ್ಟಾರ. ಇನ್ನೇನ್ ಚಲೋ ಆಗತದ?" ಎಂದಳು.

ಗೋಡೆಯ ಆಚೆಯಿಂದ ಪಕ್ಕದ ಮನೆಯ ಖಾಲಾ ದನಿಗೂಡಿಸಿದಳು. "ಸಲಾಮ್ ಭೀ ಎಡಗೈಲೆ ಮಾಡ್ಯಾನ್ರಿ ಆ ಬೇಶರಮ್! ನಾ ಅವಾಗೇ ಅಂದೆ, ಈ ಮನಿ ಬರಬಾದ್ ಆಗತದಂತ."

ನಾನು ಒಳಗಿನಿಂದ ಕನ್ನಡಿ ತಂದು ಹಿಡಿದು ತೋರಿಸಿದೆ. ಮೌಶಿ ಅದರಲ್ಲಿ ಕುಂಕುಮ ಸರಿ ಮಾಡಿಕೊಂಡು, "ನಾವು ಕಣ್ಣಾರೆ ನೋಡೇವಿ. ನಿನ್ ಕನ್ನಡಿ ಮಾತು ಯಾಕ ಕೇಳೋಣು?" ಎಂದಳು. ಹೊಟ್ಟೆಕಿಚ್ಚಿನಿಂದಲೇ ಒಪ್ಪುತ್ತೇನೆ: ಚಿತ್ರದಲ್ಲಿ ಆ ಮನೆಯ ವ್ಯಾಪಾರ ಮುಳುಗಿದ್ದಕ್ಕೂ, ಮನೆಯ ಮುದುಕ ಕೈಯೆತ್ತಿ ಮಾಡಿದ ಆಶೀರ್ವಾದ ಹತ್ತದೆ ಹೋದದ್ದಕ್ಕೂ ಅವಳ ತಿರುಳಿನಲ್ಲಿ ಕಾರಣವಿತ್ತು. ನನ್ನದರಲ್ಲಿ ಇರಲಿಲ್ಲ.

ಸರಿ, ಏಳು ಹತ್ತು. ಚುಕ್ಕೆ ನಾಯಕಿಯ ಮುಖವನ್ನೇ ನುಂಗಿತು. "ಆಗ್! ಆಗ್!" ಎಂಬ ಕೂಗು ಹಿಂದಿನಿಂದ ಬಂತು. ತಿರುಗಿದರೆ ಯಂತ್ರದ ಮೇಲೆ ರೀಲು ಭುಸುಗುಟ್ಟುತ್ತ ಉರಿಯುತ್ತಿದೆ, ಮಗ್ಗುಲಿನ ಡೇರೆಯ ಬಟ್ಟೆಗೂ ಬೆಂಕಿ ಹತ್ತಿದೆ. ಗಂಡಸರು ಡೇರೆಯ ಅಂಚು ಎತ್ತಿ ನುಸುಳತೊಡಗಿದರು. ಜನಾನಾದ ಕಡೆ ಹಾಗೆ ನುಸುಳುವಂತಿರಲಿಲ್ಲ. ಪುಂಡರು ಇಣುಕಬಾರದೆಂದು ಅಲ್ಲಿ ಡೇರೆಯ ಅಂಚಿಗೆಲ್ಲ ಮಣ್ಣು ಒಟ್ಟಿ, ಬಾಗಿಲಿಗೆ ಹೊರಗಿನಿಂದ ಹಗ್ಗ ಬಿಗಿದಿದ್ದರು. ಕಾವಲಿನವ ಚಹಾಕ್ಕೆ ಹೋಗಿದ್ದ. "ಬಾಗಿಲ ಕಟ್ಯಾರ! ಬಾಗಿಲ ಕಟ್ಯಾರ!" ಎಂದು ಆಚೆಯಿಂದ ಕೇಳಿಸಿತು. ಅದರಲ್ಲಿ ಒಂದು ದನಿ ಕಮಲಾಳದು.

ಪರದೆಯ ಮುಂದೆ ಹೋಗಿ ನಿಂತೆ. ನನಗೂ ಅವಳಿಗೂ ನಡುವೆ ಒಂದು ಒದ್ದೆ ಬಟ್ಟೆ, ಅಷ್ಟೆ. ಎಳೆದರೆ ಬರುತ್ತಿತ್ತು. ಆದರೆ ಜನಾನಾದ ಪರದೆಗೆ ಗಂಡಸು ಕೈ ಹಚ್ಚುವುದೆಂದರೆ! ಹುಟ್ಟಿದಾಗಿನಿಂದ ಮೈಯಲ್ಲಿ ಇಳಿದ ರಿವಾಜು ಬೆಂಕಿ ಕಂಡರೂ ಆ ಕ್ಷಣಕ್ಕೆ ಬಿಡಲಿಲ್ಲ. ನನ್ನ ಬಾಯಿಂದ ಹೊರಟದ್ದು, "ಒಳಗ ಬರ್ಲೇನ್ರಿ?" ಎಂಬ ಮಾತು.

"ಅರೇ, ಸರೀರಿ ಆಕಡಿ!" ಎಂದು ಆಚೆಯಿಂದ ಖಾಲಾ ಗುಡುಗಿದಳು. ಮರುಗಳಿಗೆಯಲ್ಲಿ ಇಡೀ ಪರದೆ ಕಳಚಿ, ನೀರಿನ ಸಮೇತ ನನ್ನ ಮೇಲೆ ಬಿತ್ತು. ಹೆಂಗಸರು ಮಕ್ಕಳೆಲ್ಲ ಪರದೆಯನ್ನೂ ನನ್ನನ್ನೂ ತುಳಿದುಕೊಂಡು ಈಚೆ ಬಂದರು. ಖಾಲಾ ಮತ್ತು ನಾಲ್ಕಾರು ಜನ ಪರದೆಯನ್ನು ದರದರ ಎಳೆದೊಯ್ದು ಉರಿಯುವ ಡೇರೆಗೆ ಅಪ್ಪಳಿಸಿದರು. ಅರ್ಧ ದಾರಿಯವರೆಗೆ ನಾನೂ ಅದರೊಳಗೇ ಇದ್ದೆ. ರೀಲು ತಾನಾಗಿಯೇ ಉರಿದು ಬೂದಿಯಾಯಿತು, ಡೇರೆ ಉಳಿಯಿತು. ಯಂತ್ರ ನಡೆಸುವವನ ಕೈಗೆ ಬೊಬ್ಬೆ ಬಂದದ್ದು ಬಿಟ್ಟರೆ ಒಂದು ಜೀವಕ್ಕೂ ಏನೂ ಆಗಲಿಲ್ಲ.

ಆದರೆ ನಮ್ಮ ಮನೆಯ ನಿದ್ದೆ ಹೋಯಿತು. ಕಮಲಾಳಿಗೆ ಮುಚ್ಚಿದ ಬಾಗಿಲು ಕಂಡರೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ತೆರೆದಿಟ್ಟರೆ ನಾಯಿ ಬಂದು ಹಿಟ್ಟಿನ ಡಬ್ಬಿ ಮೂಸುತ್ತಿತ್ತು. ಎಲ್ಲೋ ಬಟ್ಟೆ ಪಟಪಟ ಎಂದರೆ ನಾನು ಎದ್ದು ಕೂರುತ್ತಿದ್ದೆ. ಹಗಲು ಶಾಲೆಯಲ್ಲಿ, ಅಂಚೆ ಕಚೇರಿಯಲ್ಲಿ, ಮಾಣಿಕನಗರದ ಅಂಗಡಿಗಳ ಮುಂದೆ, ಕೇಳಿದವರಿಗೂ ಕೇಳದವರಿಗೂ ಬೆಂಕಿಯ ಕಥೆ ಹೇಳುತ್ತ ತಿರುಗಿದೆ. ಸೋಮವಾರ ಅದರ ತಿರುಳು ವಿಧಿಯಾಗಿತ್ತು, ಬುಧವಾರದ ಹೊತ್ತಿಗೆ ಯಂತ್ರನಾಗರಿಕತೆಯ ಸೊಕ್ಕಾಗಿತ್ತು. ಎಷ್ಟು ಹೇಳಿದರೂ ರಾತ್ರಿ ನಿದ್ದೆ ಬರಲಿಲ್ಲ. ಕಮಲಾ ನಾಲ್ಕೇ ದಿನದಲ್ಲಿ ಸೊರಗಿಹೋದಳು, ಉಣ್ಣುವಾಗಲೂ ಹೊಸ್ತಿಲ ಹತ್ತಿರವೇ ಕೂರತೊಡಗಿದಳು. ಸಮಾಧಾನ ಮಾಡಲು, "ನೋಡು ಕಮಲಾ, ಇದರ ತಿರುಳು ಏನಂದ್ರ…" ಎಂದು ಶುರು ಮಾಡಿದರೆ, "ತಿರುಳು ನೀವೇ ಇಟ್ಕೋರಿ. ನಂಗ ಬಾಗಿಲ ತೆರದಿಡ್ರಿ" ಎನ್ನುತ್ತಿದ್ದಳು.

ಕೊನೆಗೆ ಅವಳನ್ನು ತವರಿಗೆ ಕರೆದುಕೊಂಡು ಹೋದೆ. ಈಗ ಬಸವಕಲ್ಯಾಣ ಎನ್ನುತ್ತಾರೆ, ಆಗ ನಮಗೆ ಬರೀ ಕಲ್ಯಾಣ. ಮಧ್ಯಾಹ್ನ ಅಂಗಳದ ಬೇವಿನ ನೆರಳಿಗೆ ಓಣಿಯ ಹೆಂಗಸರೆಲ್ಲ ನೆರೆದು, "ಏನಾತವ್ವಾ, ಹ್ಯಾಂಗಾತು?" ಎಂದರು. ನಾನು ಕಟ್ಟೆಯ ಮೇಲೆ ಗಂಟಲು ಸರಿಪಡಿಸಿಕೊಂಡೆ. ಅತ್ತೆ ನನ್ನ ಕೈಗೆ ಚಹಾದ ಬಸಿ ಕೊಟ್ಟು, "ನೀವು ಚಹಾ ಕುಡೀರಿ. ಆಚಿಗಿದ್ದಾಕಿ ಆಕಿ, ಆಕಿ ಹೇಳ್ಲಿ" ಎಂದರು. ಆಗಲೇ ನನಗೆ ಹೊಳೆದದ್ದು: ಅಷ್ಟು ದಿನ ಅವಳನ್ನು ಯಾರೂ ಕೇಳಿರಲೇ ಇಲ್ಲ.

ಕಮಲಾ ಮೊದಲು ನೆಲ ನೋಡುತ್ತ ಹೇಳಿದಳು. ಹೊಗೆಯಲ್ಲಿ ಮೌಶಿ ಎಲೆಯಡಿಕೆಯ ಚೀಲ ಸಿಗದ ಹೊರತು ಏಳುವುದಿಲ್ಲವೆಂದು ಕೂತದ್ದು. ಖಾಲಾ ತನ್ನ ಮಕ್ಕಳನ್ನೆಲ್ಲ ಬಾಚಿ ತಬ್ಬಿಕೊಂಡಾಗ ಅವರಲ್ಲಿ ಯಾರದೋ ಒಂದು ಹೆಚ್ಚಿಗೆ ಬಂದದ್ದು. ಬಾಗಿಲು ಗುದ್ದಿ ಗುದ್ದಿ ಸಾಕಾಗಿ, ಕಮಲಾ ಪರದೆಯ ಕಂಬಕ್ಕೆ ಹೋಗಿ ಗಂಟಿಗೆ ಹಲ್ಲು ಹಾಕಿದ್ದು. ಇದು ಯಾವುದೂ ನನಗೆ ಗೊತ್ತಿರಲಿಲ್ಲ. "ಹಗ್ಗ ನೆಂದು ಬಿಗದಿತ್ತು. ಹಲ್ಲೀಲೆ ಜಗ್ಗಾಕತ್ತಿದ್ನಿ, ಇನ್ನ ಸತ್ತೆ ಅಂತ ಅನ್ಕೊಂಡೆ. ಅವಾಗ ಆಚಿಂದ ಇವ್ರ ದನಿ ಬಂತವ್ವಾ, 'ಒಳಗ ಬರ್ಲೇನ್ರಿ?' ಅಂತ!"

ಅಂಗಳ ಬಿದ್ದು ಬಿದ್ದು ನಕ್ಕಿತು. ಕಮಲಾಳೂ ನಕ್ಕಳು. ನಗುತ್ತ ನಗುತ್ತ ಅವ್ವನ ಹೆಗಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು, ಅತ್ತು ಮೂಗು ಒರೆಸಿಕೊಂಡು, "ಇನ್ನೊಂದ್ ಸಲ ಹೇಳ್ಲೇನು?" ಎಂದಳು. ನಾನು ಬಸಿಯಲ್ಲಿ ಮುಖ ಮುಚ್ಚಿಕೊಂಡೆ, ಆದರೆ ಅದರೊಳಗೆ ನಾನೂ ನಕ್ಕೆ. ರಾತ್ರಿ ಊಟದ ನಂತರ ಕೋಣೆಯ ಬಾಗಿಲಿಗೆ ಅವಳೇ ಹೋಗಿ ಚಿಲಕ ಹಾಕಿದಳು. ನಾನು ಕೇಳಿರಲಿಲ್ಲ.

ಅಂದು ಗುರುವಾರ, ಇನ್ನೊಂದು ತಿರುಳಿನ ದಿನ. ಅವಳು ಹೇಳಿದ ಕಥೆಯ ನಿಜವಾದ ತಿರುಳು ಏನೆಂಬುದನ್ನು ಅವಳಿಗೆ ತಿಳಿಸಲೇಬೇಕೆಂದು, ಹಾಸಿಗೆಯಲ್ಲಿ ಮಲಗಿ ಮನಸ್ಸಿನಲ್ಲೇ ಪೀಠಿಕೆ ಹಾಕತೊಡಗಿದೆ. ಕಣ್ಣು ತೆರೆದಾಗ ಬಿಸಿಲು ಕಾಲಿನ ಮೇಲಿತ್ತು, ಅತ್ತೆ ಬಾಗಿಲು ಬಡಿದು ಬಡಿದು ಬೇಸತ್ತಿದ್ದರು, ಕಮಲಾ ಇನ್ನೂ ಎದ್ದಿರಲಿಲ್ಲ. ನನ್ನ ಭಾಷಣ ಕೇಳಿ ಜನ ನಿದ್ದೆ ಹೋದದ್ದು ಅದೇ ಮೊದಲ ಸಲವಲ್ಲ. ನಾನೇ ಹೋದದ್ದು ಮಾತ್ರ ಅದೇ ಮೊದಲು.