ನಾನ್ ಆಲ್ಕೋಹಾಲಿಕ್

ಮಾತ್ರೆ ಇಲ್ಲದ ಕಾಯಿಲೆಯಷ್ಟು ಭಯಂಕರವಾದುದು ಇನ್ನೊಂದಿಲ್ಲ. ಲಿವರಿನಲ್ಲಿ ಕೊಬ್ಬು ತುಂಬಿದೆ, ಹೀಗೇ ಬಿಟ್ಟರೆ ಅದು ಗಟ್ಟಿಯಾಗಿ ಕೆಲಸ ನಿಲ್ಲಿಸಬಹುದು ಎಂದು ಡಾಕ್ಟರು ಹೇಳಿದಾಗ, ಔಷಧದ ಹೆಸರು ಬರೆದುಕೊಳ್ಳಲು ಪೆನ್ನು ತೆಗೆದೆ. ನಡೆಯಿರಿ, ತೂಕ ಇಳಿಸಿ, ಸಿಹಿ ಮತ್ತು ಕರಿದದ್ದು ಬಿಡಿ ಎಂದರು. ಇಷ್ಟನ್ನು ನನ್ನ ತಾಯಿಯೂ ಹೇಳುತ್ತಿದ್ದರು, ಫೀಸಿಲ್ಲದೆ.

ಅಂದಿನಿಂದ ಬಲಪಕ್ಕೆಯ ಕೆಳಗೆ ಕೈಯಿಟ್ಟುಕೊಂಡೇ ಓಡಾಡಿದೆ. ಹೆದರಿದರೆ ನನಗೆ ಹಸಿವಾಗುತ್ತದೆ. ಹಸಿವಾದರೆ ಚನ್ನಗಿರಿ ಬಸ್‌ಸ್ಟ್ಯಾಂಡಿನ ಪಕ್ಕದ ಬೇಕರಿ ಕರೆಯುತ್ತದೆ. ತಿಂದು ಬಂದಮೇಲೆ ಹೆದರಿಕೆ ಇಮ್ಮಡಿ. ಯಜಮಾನರಾದ ಗುರುಬಸವರಾಜರು ನನ್ನನ್ನು ತಡೆಯುವವರಲ್ಲ. (ಜೊತೆಗೆ ಬಂದು ತಾವೂ ಒಂದು ದಿಲ್‌ಪಸಂದ್ ಮುಗಿಸುವವರು.)

ಇಂಥ ಹೊತ್ತಿನಲ್ಲಿ ಸಾಸ್ವೆಹಳ್ಳಿಯಿಂದ ನಾದಿನಿ ಕೊಟ್ರಮ್ಮ ಫೋನು ಮಾಡಿದಳು. ಲಿವರ್ ಎಂದೊಡನೆ ಅವಳ ದನಿ ತಗ್ಗಿತು. ಅವಳ ಗಂಡ ಬೆನಕಪ್ಪನ ಲಿವರ್ ಕೆಟ್ಟದ್ದು ಕುಡಿತದಿಂದ, ಬಿಡಿಸಿದವಳು ಅವಳೇ. ತಪ್ಪು ತಿಳಿಯಬಾರದೆಂದು ನಾನು ಡಾಕ್ಟರು ಚೀಟಿಯಲ್ಲಿ ಬರೆದಿದ್ದ ರೋಗದ ಹೆಸರನ್ನೇ ಸ್ಪಷ್ಟವಾಗಿ ಉಚ್ಚರಿಸಿದೆ.

“ನಾನ್ ಆಲ್ಕೋಹಾಲಿಕ್, ಕೊಟ್ರಮ್ಮ.”

ಇಂಗ್ಲಿಷಿನ ‘ಅಲ್ಲ’ ಕನ್ನಡದ ಕಿವಿಗೆ ‘ನಾನು’ ಆಗುತ್ತದೆಂದು, ಭಾಷಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ನನಗೆ ಹೊಳೆಯಲಿಲ್ಲ.

ಮಧ್ಯಾಹ್ನದ ಬಸ್ಸಿಗೇ ಬಂದಿಳಿದಳು. ಒಂದು ಹನಿಯೂ ಮುಟ್ಟಿಲ್ಲವೆಂದು ಆಣೆ ಮಾಡಿದೆ. ವ್ಯಾಕರಣ ಬಿಡಿಸಿ ಹೇಳಿದೆ.

“ನಮ್ಮನೇರೂ ಹಿಂಗೇ ಅಂತಿದ್ರು ಅತ್ತಿಗೆ,” ಎಂದಳು. “ಏರಿದಾಗ ಅವ್ರೂ ಇಂಗ್ಲೀಷ್ನಾಗೇ ಮಾತಾಡ್ತಿದ್ರು.”

ಸಾಕ್ಷಿ ಹೇಳಬೇಕಾದ ಯಜಮಾನರು, ಎಲ್ಲ ಮುಚ್ಚಿಟ್ಟದ್ದಕ್ಕೆ ತಂಗಿಯಿಂದ ಬೈಸಿಕೊಂಡು ಹಿತ್ತಲಿಗೆ ಹೋದರು.

ಬೆನಕಪ್ಪನ ಮೇಲೆ ನಡೆಸಿದ ಪ್ರಯೋಗಗಳೆಲ್ಲ ನನ್ನ ಮೇಲೆ ನಡೆದವು. ಒಬ್ಬಳೇ ಹೊರಗೆ ಹೋಗುವಂತಿಲ್ಲ; ಗೇಟಿನವರೆಗೆ ಹೋಗಿಬಂದರೂ ಬಾಯಿ ಮೂಸುತ್ತಾಳೆ. ಸಿಹಿ ತಿಂದರೆ ಕುಡಿಯುವ ಆಸೆ ಹುಟ್ಟುತ್ತದಂತೆ, ಹಾಗಾಗಿ ಸಕ್ಕರೆ ಡಬ್ಬಿ ಬೀರುವಿನ ಲಾಕರ್ ಸೇರಿತು. ಬೆವರಿದರೆ ಚಟ ಇಳಿಯುತ್ತದಂತೆ, ಹಾಗಾಗಿ ಬೆಳಿಗ್ಗೆ ಸಂಜೆ ಕೋಟೆಯ ಕಡೆಗೆ ನಡಿಗೆ. ನಾನು ಮುಂದೆ, ಅವಳು ಹಿಂದೆ. ರೊಟ್ಟಿ, ಸೊಪ್ಪು, ಮಜ್ಜಿಗೆ. ಕಾಲೇಜಿನ ಪ್ರಾಂಶುಪಾಲೆಯಾಗಿದ್ದಾಗ ಹಾಸ್ಟೆಲ್ ಹುಡುಗಿಯರನ್ನು ನಾನೂ ಇಷ್ಟು ಕಾದವಳಲ್ಲ.

ಕೆಲವು ತಿಂಗಳ ನಂತರ ಸ್ಕ್ಯಾನ್ ಮಾಡಿದ ಡಾಕ್ಟರು ಕೊಬ್ಬು ಕರಗುತ್ತಿದೆ ಎಂದರು. ನಿಲ್ಲಿಸಿದರೆ ಮತ್ತೆ ತುಂಬುತ್ತದೆ ಎಂದೂ ಸೇರಿಸಿದರು. ನನ್ನ ಕೈ ತಾನಾಗಿ ಬಲಪಕ್ಕೆಗೆ ಹೋಯಿತು. ಮನೆಗೆ ಬಂದರೆ ಕೊಟ್ರಮ್ಮ ಚೀಲ ಕಟ್ಟುತ್ತಿದ್ದಳು.

“ಒಪ್ಪಿಕೊಳ್ಳದೋರ ಚಟ ಬಿಡಿಸಾಕೆ ನನ್ನ ಕೈಲಿ ಆಗಲ್ಲ. ಬಾಯಿ ಬಿಟ್ಟು ಹೇಳ್ರಿ, ಇನ್ನೂ ಇರ್ತೀನಿ. ಇಲ್ಲಾಂದ್ರೆ ನಮ್ಮೂರಿಗೆ ಹೋಗ್ತೀನಿ.”

ಅವಳು ಹೋದರೆ ಸಂಜೆಯೊಳಗೆ ನಾನು ಬೇಕರಿಯಲ್ಲಿರುತ್ತೇನೆ. ಮಾನ ಹೋದರೆ ಬದುಕಬಹುದು, ಲಿವರ್ ಹೋದರೆ?

“ಕುಡಿಯುತ್ತಿದ್ದೆ,” ಎಂದೆ.

ಅವಳ ಕಣ್ಣಲ್ಲಿ ನೀರು ಬಂತು. ಮುಂದಿನ ವಾರವೇ ಬಸವಾಪಟ್ಟಣದ ಮದ್ಯವರ್ಜನ ಶಿಬಿರಕ್ಕೆ ನನ್ನನ್ನು ಕರೆದೊಯ್ದು ಮೈಕಿನ ಮುಂದೆ ನಿಲ್ಲಿಸಿದಳು. ಮಾತಾಡಿದೆ. (ಚೆನ್ನಾಗಿಯೇ ಮಾತಾಡಿದೆ, ವಿಷಯ ತಿಳಿಯದೆ ಭಾಷಣ ಮಾಡುವ ಅನುಭವ ಪ್ರಾಂಶುಪಾಲರಿಗೆಲ್ಲ ಇರುತ್ತದೆ.) ಇಳಿದು ಬರುವಾಗ ಚಿಕ್ಕಹನುಮಂತಪ್ಪ ಎಂಬ ಶಿಬಿರಾರ್ಥಿ ಕೈಮುಗಿದು ಅಡ್ಡ ನಿಂತ.

“ಮೇಡಂ, ತಾವು ಯಾವ್ದು ತಗಂತಿದ್ರಿ?”

ಪಕ್ಕದಲ್ಲೇ ಕೊಟ್ರಮ್ಮ. ನನಗೆ ಒಂದರ ಹೆಸರೂ ಗೊತ್ತಿಲ್ಲ.

“ಎಲ್ಲವನ್ನೂ,” ಎಂದೆ.